ಬಿಸಿಲು ಹುಡುಕಿಕೊಂಡು ಪಾವಗಡಕ್ಕೆ

ಶಿವರಾತ್ರಿ ಕಳೆದ ಮುಂದಿನ ಸೋಮವಾರ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ನಾನು ಬರಗೂರಿನಿಂದ ಹೊರಟೆ. ಸಿಂಚನಾ, ದರ್ಶನ್, ನೀವಿಬ್ಬರೂ ಆಗ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿದ್ದಿರಿ. ಎಲ್ಲಿಗಜ್ಜಿ ಎಂದು ಕೇಳಿದ್ದಕ್ಕೆ ದೊಡ್ಡಜ್ಜಿಯ ಊರಿಗೆ ಎಂದಷ್ಟೇ ಹೇಳಿದೆ. ವಾಪಸು ಬಂದಾಗಿನಿಂದ ಅಲ್ಲಿ ಏನಾಯಿತು, ಮನೋಜ ಮಾತಾಡಿದನಾ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದೀರಿ. ಬಾಯಲ್ಲಿ ಹೇಳಲು ಹೋದರೆ ನನಗೆ ಅರ್ಧಕ್ಕೇ ಮಾತು ನಿಂತುಬಿಡುತ್ತದೆ. ಅದಕ್ಕೆ ಬರೆದಿದ್ದೇನೆ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮನೋಜ ಕೊರಟಗೆರೆಯ ನಿಮ್ಮ ಭಾಗ್ಯತ್ತೆಯ ಮಗ. ಐದು ತುಂಬಿದೆ, ಇನ್ನೂ ಮಾತಿಲ್ಲ. ಕಿವಿ ಚೆನ್ನಾಗಿದೆ. ಪಕ್ಕದ ಮನೆಯಲ್ಲಿ ಬಿಸ್ಕತ್ತಿನ ಪ್ಯಾಕೆಟ್ ಹರಿದರೂ ಅವನಿಗೆ ಕೇಳಿಸುತ್ತದೆ, ಹೆಸರು ಹಿಡಿದು ಕರೆದರೆ ಮಾತ್ರ ತಿರುಗುವುದಿಲ್ಲ. ಖುಷಿಯಾದರೆ ಎರಡು ಕೈಯನ್ನೂ ಹಕ್ಕಿ ರೆಕ್ಕೆಯ ಹಾಗೆ ಬಡಿಯುತ್ತಾನೆ. ಗಲಾಟೆಯಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಡಾಕ್ಟರು ಇದಕ್ಕೆ ಆಟಿಸಂ ಎಂದಿದ್ದಾರೆ. ಇದು ರೋಗವಲ್ಲ, ಇಂಥ ಮಕ್ಕಳು ಬೆಳೆಯುವ ದಾರಿಯೇ ಬೇರೆ ಎಂದೂ ಹೇಳಿದ್ದಾರೆ. ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ತೀರ ಕಡಿಮೆ ಎಂದು ಬಂತು. ಅದು ಹೆಚ್ಚಾಗಿ ಬಿಸಿಲಿನಿಂದ ಮೈಗೆ ಸೇರುವ ಸತ್ವವಂತೆ.

ಕಷ್ಟ ಶುರುವಾದದ್ದು ಅಲ್ಲಿಂದಲೇ. ಮನೋಜ ಹೊಟ್ಟೆಯಲ್ಲಿದ್ದಾಗ ಭಾಗ್ಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಸೂರ್ಯ ಹುಟ್ಟುವ ಮೊದಲೇ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು, ದೀಪ ಹಚ್ಚಿದ ಮೇಲೆ ತಂದು ಬಿಡುತ್ತಿತ್ತು. ಹಗಲೆಲ್ಲ ಟ್ಯೂಬ್‌ಲೈಟಿನ ಕೆಳಗೆ ಮೆಷಿನ್ನು. ತಾಯಿಗೆ ಬಿಸಿಲು ಸಾಲದೆ ಹೋದರೆ ಹುಟ್ಟುವ ಮಗುವಿಗೆ ಹೀಗಾಗುತ್ತದೆ ಎಂದು ಯಾರೋ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ಅವಳ ಅತ್ತೆಯೂ ಅದನ್ನು ನೋಡಿದರು. ಅಂದಿನಿಂದ ಮನೆಯಲ್ಲಿ ಏನೇ ಮಾತು ಬಂದರೂ ಅದು ‘ಟ್ಯೂಬ್‌ಲೈಟಿನ ಕೆಳಗೆ ಹೊತ್ತ ಮಗ’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಭಾಗ್ಯ ಎದುರು ಮಾತಾಡಲಿಲ್ಲ. ಎದುರು ಮಾತಾಡುವ ಮಗಳು ಸುಮ್ಮನಾದರೆ ಹೆತ್ತವಳಿಗೆ ಭಯವಾಗುತ್ತದೆ, ಮಕ್ಕಳೇ. ಅತ್ತೆಯ ಮಾತನ್ನು ಅವಳು ನಂಬಿಬಿಟ್ಟಿದ್ದಳು.

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿರುವ ನನ್ನ ಅಕ್ಕ ಗೌರಕ್ಕನಿಗೆ ಈ ಸುದ್ದಿ ಮುಟ್ಟಿತು. ಅವಳ ಹೊಲವೂ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಬಿಸಿಲು ಬೇಕು ಅಂತ ಸರ್ಕಾರನೇ ನಮ್ಮೂರು ಹುಡುಕ್ಕೊಂಡು ಬಂದದೆ. ನೀವ್ಯಾಕೆ ಅಲ್ಲಿ ಕೂತಿದ್ದೀರಿ? ಹುಡುಗನ್ನ ಕರ್ಕೊಂಡ್ಬಾ.’

ಹೀಗೆ ಹೊರಟಿತು ನಮ್ಮ ಪ್ರವಾಸ. ಭಾಗ್ಯ ಮಗನೊಂದಿಗೆ ಕೊರಟಗೆರೆಯಿಂದ, ನಾನು ಶಿರಾ ಮೇಲೆ ಹಾದು, ಮಧುಗಿರಿಯಲ್ಲಿ ಸೇರುವುದೆಂದು ಮಾತಾಗಿತ್ತು.

ಶಿರಾದಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸರ್ಕಾರಿ ಬಸ್ಸಾದ್ದರಿಂದ ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ಟಿನಲ್ಲೇ ಬಂದೆ. ಮಧುಗಿರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಜಾಮಿಯಾ ಮಸೀದಿಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿ ನಿಮ್ಮ ತಾತ ಇದ್ದಾಗಿನಿಂದ ನನಗೆ ಗೊತ್ತು. ಅಂಗಡಿಯ ಸಾಬರು ಈಗ ಮುದುಕರು, ಗಡ್ಡಕ್ಕೆ ಮೆಹಂದಿ ಹಚ್ಚಿಕೊಂಡಿದ್ದರು. ಮೊಮ್ಮಗನಿಗೆ ಒಂದು ಹತ್ತಿ ಟೋಪಿ ಕೇಳಿದೆ. ಯಾವ ಊರಿಗೆ ಎಂದರು. ಪಾವಗಡದ ಕಡೆ, ಮಗುವಿಗೆ ಬಿಸಿಲು ಕಾಯಿಸಲು ಎಂದೆ. ಅವರು ಟೋಪಿ ಮಡಚುತ್ತಿದ್ದ ಕೈ ನಿಲ್ಲಿಸಿದರು.

‘ಬಿಸಿಲಿಗೆ ಅಂತ ಕರ್ಕೊಂಡು ಹೋಗ್ತೀರಿ, ಬಿಸಿಲು ತಾಗ್ಬಾರ್ದು ಅಂತ ಟೋಪಿನೂ ತಗೋತೀರಿ. ಎರಡ್ರಾಗೆ ಒಂದು ಮಾಡಿ ಅಮ್ಮಾ,’ ಎಂದರು.

ನನಗೆ ನಾಚಿಕೆಯಾಯಿತು, ನಗುವೂ ಬಂತು. ಅವರು ಹೇಳಿದ ಬೆಲೆ ಕೊಟ್ಟು ಟೋಪಿ ತೆಗೆದುಕೊಂಡೆ. ಮಗುವಿಗೆ ದುವಾ ಮಾಡುತ್ತೇನೆ ಎಂದು ಒಂದು ಹಿಡಿ ಖರ್ಜೂರವನ್ನೂ ಕಾಗದದಲ್ಲಿ ಕಟ್ಟಿ ಕೊಟ್ಟರು.

ಮಧುಗಿರಿ ಬಂತೆಂದು ಯಾರೂ ಹೇಳಬೇಕಾಗಿಲ್ಲ, ಬೆಟ್ಟವೇ ಹೇಳುತ್ತದೆ. ಊರಿನ ಬೆನ್ನಿಗೆ ಒಂದೇ ಬಂಡೆ, ಆಕಾಶಕ್ಕೆ ಆನಿಸಿಟ್ಟ ಹಾಗೆ ನಿಂತಿದೆ. ಅದರ ಮೈಮೇಲೆ ಹತ್ತಿಹೋದ ಕೋಟೆಯ ಗೋಡೆ ಕೆಳಗಿನಿಂದ ಹೊಲಿಗೆಯ ಹಾಗೆ ಕಾಣುತ್ತದೆ. ಎಷ್ಟು ಸಲ ನೋಡಿದರೂ ಇದನ್ನು ಕಟ್ಟಿದವರು ನಮ್ಮಂಥ ಮನುಷ್ಯರೇನಾ ಎನಿಸುತ್ತದೆ ನನಗೆ. ಬಸ್ ಸ್ಟ್ಯಾಂಡಿನಲ್ಲಿ ಭಾಗ್ಯ ಮನೋಜನನ್ನು ಸೊಂಟಕ್ಕೆ ಅವುಚಿಕೊಂಡು ನಿಂತಿದ್ದಳು. ಐದು ವರ್ಷದ ಮಗನನ್ನು ಹೊತ್ತು ಹೊತ್ತು ಅವಳ ಒಂದು ಹೆಗಲು ಕೆಳಗಾಗಿದೆ. ನಾನು ತಂದ ಟೋಪಿಯನ್ನು ಅವನ ತಲೆಗೆ ಹಾಕಿದೆ. ಅವನು ತೆಗೆದು ಎಸೆದ. ಮತ್ತೆ ಹಾಕಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಮಕ್ಕಳ ಡಾಕ್ಟರನ್ನು ಕಾಣಬೇಕಿತ್ತು. ಆ ಅಮ್ಮನಿಗೆ ನಲವತ್ತೈದು ಇರಬಹುದು. ಮನೋಜ ಅವರ ಮೇಜಿನ ಕೆಳಗೆ ಸೇರಿಕೊಂಡ. ಅವರು ಎಬ್ಬಿಸಲಿಲ್ಲ, ತಾವೇ ಕುರ್ಚಿ ಹಿಂದಕ್ಕೆ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟರು. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಬಂತು. ಭಾಗ್ಯ ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದಳು.

‘ಮೇಡಂ, ಇವ್ನು ಹೊಟ್ಟೇಲಿದ್ದಾಗ ನಾನು ಬಿಸಿಲೇ ಕಾಣ್ಲಿಲ್ಲ. ಕತ್ಲಲ್ಲಿ ಹೋಗಿ ಕತ್ಲಲ್ಲಿ ಬತ್ತಿದ್ದೆ. ಅದಕ್ಕೇನಾ ಇಂಗಾಗಿರೋದು?’

ಡಾಕ್ಟರಮ್ಮ ಹೇಳಿದರು: ‘ಅಲ್ಲವೇ ಅಲ್ಲ ಅಂತ ಹೇಳಿ ಕಳಿಸಿಬಿಟ್ಟರೆ ನಿನಗೆ ಸಮಾಧಾನ ಆಗುತ್ತೆ. ಆದರೆ ನನಗೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಿದ ಹಾಗಾಗುತ್ತೆ. ಇಂಥ ಮಕ್ಕಳಲ್ಲಿ ಡಿ ಕಡಿಮೆ ಇರೋದು ಬಹಳ ಕಡೆ ಕಂಡಿದೆ. ಬಸುರಿನಲ್ಲಿ ತಾಯಿಗೆ ಕಡಿಮೆ ಇದ್ದರೆ ಸಂಬಂಧ ಇರಬಹುದಾ ಅಂತ ಓದಿದೋರು ಇನ್ನೂ ಹುಡುಕ್ತಾ ಇದಾರೆ. ಅದರಿಂದಲೇ ಆಯ್ತು ಅಂತ ಯಾರೂ ತೋರಿಸಿಲ್ಲಮ್ಮ.’

ಆಮೇಲೆ ಬಿಡಿಸಿ ಹೇಳಿದರು. ಜನ ಕಂಡರೆ ಮೂಲೆ ಸೇರುವ ಮಗು ಬಿಸಿಲಿಗೆ ಬರುವುದೇ ಕಡಿಮೆ. ಅನ್ನ, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟದ ಮಗುವಿಗೆ ಊಟದಿಂದಲೂ ಆ ಸತ್ವ ಸಿಕ್ಕುವುದಿಲ್ಲ. ಹೀಗಿರುವಾಗ ಡಿ ಕಡಿಮೆಯಾದದ್ದರಿಂದ ಮಗು ಹೀಗಾಯಿತೋ, ಮಗು ಹೀಗಿರುವುದರಿಂದ ಡಿ ಕಡಿಮೆಯಾಯಿತೋ, ಒಂದು ರಕ್ತದ ಚೀಟಿ ನೋಡಿ ಹೇಳಲು ಬರುವುದಿಲ್ಲ. ಕಾರಣ ಒಂದೇ ಅಲ್ಲ, ಹುಟ್ಟಿನಲ್ಲೇ ಬರುವಂಥವೂ ಇವೆ. ಕಡಿಮೆ ಇರುವುದನ್ನು ತುಂಬಿಸೋಣ, ಮೂಳೆಗೆ ಬೇಕು ಎಂದು ವಾರಕ್ಕೊಂದು ಪುಡಿಯ ಪೊಟ್ಟಣ ಬರೆದರು. ದಿನಾ ಒಂದು ಕೊಟ್ಟರೆ ಬೇಗ ತುಂಬುತ್ತದಲ್ಲವಾ ಎಂದು ಭಾಗ್ಯ ಕೇಳಿದಳು. ಅವರು ಪೆನ್ನು ಕೆಳಗಿಟ್ಟು, ಹೆಚ್ಚಾದರೆ ಕಿಡ್ನಿಗೆ ಕೆಡುಕು, ವಾರಕ್ಕೊಂದೇ ಎಂದು ಎರಡು ಸಲ ಹೇಳಿಸಿಕೊಂಡರು. ಮಾತಿಗೆ ಮದ್ದು ಪೊಟ್ಟಣದಲ್ಲಿಲ್ಲ, ಯಾರಾದರೂ ಅವನ ಜೊತೆ ಕೂರಬೇಕು ಎಂದರು. ಮಧುಗಿರಿಯಲ್ಲೇ ವಾರಕ್ಕೆರಡು ದಿನ ಮಾತು ಕಲಿಸುವವರು ಬರುತ್ತಾರಂತೆ, ಅಲ್ಲಿಗೆ ಬಾ ಎಂದರು. ಕೆಲಸಕ್ಕೆ ರಜಾ ಸಿಕ್ಕಲ್ಲ ಎಂದು ಭಾಗ್ಯ ತಲೆ ತಗ್ಗಿಸಿದಳು.

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡು ಹೊರಗೆ ಬಂದೆ. ಭಾಗ್ಯನಿಗೆ ಹಾಗೆ ಕೇಳಿಸಿರಲಿಲ್ಲ. ಪಾವಗಡದ ಪ್ರೈವೇಟ್ ಬಸ್ಸಿನಲ್ಲಿ ಸೀಟು ಹಿಡಿದು ಕೂತ ಮೇಲೆ ಕಿಟಕಿಯ ಕಡೆ ನೋಡುತ್ತಾ ಅಂದಳು: ‘ಕೇಳಿಸ್ಕೊಂಡ್ಯಾ ಅವ್ವ? ಇಲ್ಲ ಅನ್ಲಿಲ್ಲ. ಇರಬೌದು ಅಂದ್ರು.’

ಅಷ್ಟು ಮಾತಿನಲ್ಲಿ ಅವಳು ಹಿಡಿದುಕೊಂಡಿದ್ದು ಅದೊಂದನ್ನೇ. ನಾನು ಏನಾದರೂ ಹೇಳಬೇಕಿತ್ತು. ಖರ್ಜೂರದ ಪೊಟ್ಟಣ ಬಿಚ್ಚಿ ಕೊಟ್ಟೆ.

ಆ ಬಸ್ಸಿಗೆ ದುಡ್ಡು ಕೊಡಬೇಕು, ತಲೆಗೆ ಎಂಬತ್ತು. ಮಿಡಿಗೇಶಿ ದಾಟಿದ ಮೇಲೆ ಬೋರ್ಡುಗಳಲ್ಲಿ ತೆಲುಗು ಅಕ್ಷರ ಬರುತ್ತದೆ, ಹೋಗುತ್ತದೆ. ಪಾವಗಡ ನಮ್ಮ ರಾಜ್ಯದ್ದೇ ಆದರೂ ಸುತ್ತ ಆಂಧ್ರ. ದಾರಿಯುದ್ದಕ್ಕೂ ಹುಣಸೆ ಮರಗಳು, ಅವುಗಳ ಕೆಳಗೆ ಟಾರ್ಪಾಲು ಹಾಸಿ ಹಣ್ಣು ಬಡಿಯುವ ಜನ. ಬಂಡೆಗಳ ಮೇಲೆ ಬಂಡೆ ಕೂತ ಗುಡ್ಡಗಳನ್ನು ನೋಡಿ ಮನೋಜ ಕೈ ಬಡಿದ. ಎರಡು ಗಂಟೆಯ ದಾರಿ ಅವನು ಒಂದು ಸಲವೂ ಅಳಲಿಲ್ಲ. ಪಾವಗಡದಲ್ಲಿ ಇಳಿದು ಉಗ್ಗಾನಿ, ಬಜ್ಜಿ ತಿಂದೆವು. ಉಗ್ಗಾನಿ ಎಂದರೆ ಮಂಡಕ್ಕಿ ನೆನೆಸಿ ಮಾಡುವ ಒಗ್ಗರಣೆ, ಬಲು ರುಚಿ. ಕ್ಯಾತಗಾನಚೆರ್ಲಿಗೆ ಇನ್ನೊಂದು ಬಸ್ಸು ಹಿಡಿದು ಇಳಿಯುವ ಹೊತ್ತಿಗೆ ಸೂರ್ಯ ಮುಳುಗುತ್ತಿದ್ದ.

ಊರು ಇನ್ನೂ ದೂರವಿರುವಾಗಲೇ ನೀರು ಕಂಡಿತು ನನಗೆ. ಕಣ್ಣು ಹೋದಷ್ಟು ದೂರ ಕಪ್ಪು ನೀಲಿ, ನಡುವೆ ಒಂದೊಂದು ಕಡೆ ಫಳ್ಳೆನ್ನುವುದು. ಇಲ್ಲೆಲ್ಲಿ ಇಷ್ಟು ದೊಡ್ಡ ಕೆರೆ ಎಂದು ಬೆರಗಾದೆ. ಹತ್ತಿರ ಹೋದಾಗ ಅದು ಸೋಲಾರ್ ಹಲಗೆಗಳ ಸಾಲು. ಎಲ್ಲವೂ ಒಂದೇ ಕಡೆ ಮುಖ ಮಾಡಿ ವಾಲಿ ನಿಂತಿವೆ, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ. ಅವುಗಳ ಕೆಳಗೆ ಕುರಿಗಳು ಮೇಯುತ್ತಿದ್ದವು. ಇದಕ್ಕೆ ಹೊಗೆಯಿಲ್ಲ, ಸದ್ದೂ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಹಿಡಿದ ಬಿಸಿಲು ರಾತ್ರಿ ಊಟದ ಹೊತ್ತಿಗೆ ಯಾರದೋ ಮಿಕ್ಸಿ ತಿರುಗಿಸುತ್ತದೆ ಎಂದು ಯೋಚಿಸುತ್ತಾ ನಿಂತುಬಿಟ್ಟೆ. ಈ ಕರೆಂಟು ಹಗಲಿಗೆ ಮಾತ್ರ ಎಂದು ಆಮೇಲೆ ಅಕ್ಕನ ಮಗ ತಿದ್ದಿದ. ಗೌರಕ್ಕ ಮಾತ್ರ ಬೆರಗಿನ ಕಾಲ ದಾಟಿದ್ದಾಳೆ. ‘ಮುಂಚೆ ನಾವು ಬಿಸಿಲನ್ನ ಬೈತಿದ್ವಿ. ಈಗ ಅದೇ ನಮಗೆ ಕೂಳು ಹಾಕ್ತದೆ. ಬೈಯಂಗಿಲ್ಲ,’ ಎಂದಳು.

ಆ ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು, ಕಡಲೆಕಾಯಿ ಚಟ್ನಿ. ಮನೋಜನಿಗೆ ಬಿಳಿ ಅನ್ನ.

ಮಂಗಳವಾರ ಬೆಳಿಗ್ಗೆ ಗೌರಕ್ಕ ತನ್ನ ಲೆಕ್ಕಾಚಾರ ಹೇಳಿದಳು. ಮೈಗೆ ಹರಳೆಣ್ಣೆ ತಿಕ್ಕಿ ಬಿಸಿಲಿಗೆ ಕೂರಿಸಬೇಕು, ಆದರೆ ತಲೆಯಲ್ಲಿ ಇಷ್ಟು ದಟ್ಟ ಕೂದಲಿದ್ದರೆ ಬಿಸಿಲು ಮೆದುಳಿಗೆ ಇಳಿಯುವುದು ಹೇಗೆ? ಹಲಗೆಯ ಮೇಲೆ ಧೂಳು ಕೂತರೆ ಕರೆಂಟು ಬರುವುದಿಲ್ಲ ಎಂದು ಪಾರ್ಕಿನವರು ದಿನಾ ತೊಳೆಸುತ್ತಾರೆ, ತಲೆಯೂ ಹಾಗೇ ಎಂದಳು. ಹಲಗೆ ತೊಳೆಸುವ ಕೆಲಸದಲ್ಲಿರುವವನು ಅವಳ ಮಗನೇ ಆದ್ದರಿಂದ ಅವಳಿಗೆ ಅದು ಶಾಸ್ತ್ರವೇ ಆಗಿತ್ತು. ನಗಬೇಡಿ ಮಕ್ಕಳೇ, ನನಗೂ ಸರಿ ಎನಿಸಿತು. ಭಾಗ್ಯನಂತೂ ಯಾರು ಏನು ಹೇಳಿದರೂ ಮಾಡುವ ಸ್ಥಿತಿಯಲ್ಲಿದ್ದಳು. ಹುಡುಗನ ಮೈಗೆಲ್ಲ ಎಣ್ಣೆ ತಿಕ್ಕಿ ಕ್ಷೌರದವನನ್ನು ಕರೆಸಿದೆವು.

ಅವನ ಮೆಷಿನ್ನು ಗುಯ್ ಎಂದು ತಲೆಗೆ ತಾಗಿದ್ದೇ ತಡ, ಮನೋಜ ಕಿರುಚಿದ. ಅಂಥ ಕಿರುಚಾಟ ನಾನು ಕೇಳಿರಲಿಲ್ಲ. ಗೌರಕ್ಕ ಕಾಲು ಹಿಡಿದಳು, ನಾನು ಕೈ ಹಿಡಿದೆ, ಭಾಗ್ಯ ತಲೆ ಹಿಡಿದು ತಾನೂ ಅಳುತ್ತಿದ್ದಳು. ಬಲಗಡೆಯ ಅರ್ಧ ತಲೆ ಬೋಳಾಗುವಷ್ಟರಲ್ಲಿ ಎಣ್ಣೆ ಮೈ ನಮ್ಮ ಹಿಡಿತದಿಂದ ಜಾರಿತು. ಅವನು ಅಂಗಳ ದಾಟಿ ಓಡಿ ಪಕ್ಕದ ಮನೆಯ ರಾಗಿ ಹುಲ್ಲಿನ ಬಣವೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಗ್ಗಿದ. ಊರೆಲ್ಲ ಬಿಸಿಲು ಸುರಿಯುತ್ತಿದ್ದರೆ, ಇದ್ದ ಒಂದು ನೆರಳನ್ನು ಹುಡುಕಿಕೊಂಡಿದ್ದ. ನಾವು ಮೂವರೂ ಸಂದಿಯ ಬಾಯಲ್ಲಿ ನಿಂತು ಬಾ ಬಾ ಎಂದು ಕೂಗುತ್ತಿದ್ದೆವು. ಅವನು ಒಳಗೆ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದ.

ಆಗ ಆ ಮನೆಯ ಹೆಂಗಸು ಹೊರಗೆ ಬಂದಳು. ಹೆಸರು ಅಂಜಿನಮ್ಮ, ಭಾಗ್ಯನಿಗಿಂತ ಐದಾರು ವರ್ಷ ದೊಡ್ಡವಳು. ಕೈ ಪೂರ್ತಿ ಹುಣಸೆಹಣ್ಣು ಮೆತ್ತಿತ್ತು.

‘ಗೌರಕ್ಕ, ನುವ್ವು ನೋರು ಮುಯ್ಯಿ ಮೊದಲು. ಎಲ್ಲಾರೂ ದೂರ ಹೋಗಿ. ಅವನನ್ನ ನೋಡಬ್ಯಾಡಿ,’ ಎಂದಳು. ಬಾಯಿ ಮುಚ್ಚು ಎಂದದ್ದು ತೆಲುಗಿನಲ್ಲಾದರೂ ನಮಗೆ ಚೆನ್ನಾಗಿ ಅರ್ಥವಾಯಿತು.

ನಾವು ಜಗಲಿಗೆ ಸರಿದೆವು. ಅವಳು ಗೋಡೆಯ ಕಡೆಯ ಸಂದಿಗೆ ಒಂದು ಹಳೆ ಗೋಣಿಚೀಲ ತುರುಕಿದಳು, ತಲೆಗೆ ಪೆಟ್ಟಾಗದಿರಲಿ ಎಂದು. ಆಮೇಲೆ ಹುಣಸೆಹಣ್ಣಿನ ಕುಕ್ಕೆ ತಂದು ಅವನಿಗೆ ಬೆನ್ನು ಮಾಡಿ ಕೂತು, ಏನೂ ಆಗಿಲ್ಲವೆಂಬಂತೆ ಬೀಜ ಬಿಡಿಸತೊಡಗಿದಳು. ಬಿಡಿಸಿದ ಒಂದೊಂದೇ ಬೀಜವನ್ನು ಒಂದು ಖಾಲಿ ಡಬ್ಬಿಗೆ ಹಾಕುತ್ತಿದ್ದಳು. ಟಣ್. ಮತ್ತೆ ಸ್ವಲ್ಪ ಹೊತ್ತಿಗೆ, ಟಣ್. ಒಳಗಿನ ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು. ಎಷ್ಟೋ ಹೊತ್ತಾದ ಮೇಲೆ ಅರ್ಧ ಬೋಳು ತಲೆಯೊಂದು ಸಂದಿಯಿಂದ ಹೊರಗೆ ಬಂತು. ಅವಳು ತಿರುಗಿ ನೋಡಲಿಲ್ಲ. ಒಂದು ಬೀಜವನ್ನು ಹಿಂದಕ್ಕೆ, ಅವನ ಕೈಗೆ ಎಟುಕುವಂತೆ ನೆಲದ ಮೇಲಿಟ್ಟಳು. ಮನೋಜ ಅದನ್ನೆತ್ತಿ ಡಬ್ಬಿಗೆ ಹಾಕಿದ. ಟಣ್ ಎಂದಿತು. ಕೈ ಬಡಿದ.

ಭಾಗ್ಯ ಹೋಗಿ ಅವಳ ಮುಂದೆ ಕೂತಳು. ಇದೆಲ್ಲ ಎಲ್ಲಿ ಕಲಿತೆ ಅಕ್ಕ ಎಂದು ಕೇಳಿದಳು. ಅಂಜಿನಮ್ಮ ಮನೆಯ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಹೊಸ್ತಿಲ ಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳು ಕೂತು ತನ್ನ ಜಡೆಯ ತುದಿಯನ್ನು ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದಳು. ನಮ್ಮನ್ನು ನೋಡಲಿಲ್ಲ. ಅವಳ ಮಗಳು ಗಂಗ. ಪಾವಗಡದ ಡಾಕ್ಟರು ಅವಳಿಗೂ ಅದೇ ಹೆಸರು ಹೇಳಿದ್ದರಂತೆ.

ಆ ಮಧ್ಯಾಹ್ನವೆಲ್ಲ ನಾವು ನಾಲ್ವರು ಹೆಂಗಸರು ಅಂಜಿನಮ್ಮನ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸಿದೆವು. ಭಾಗ್ಯ ತನ್ನ ಕತೆಯೆಲ್ಲ ಹೇಳಿದಳು. ವ್ಯಾನು, ಟ್ಯೂಬ್‌ಲೈಟು, ವಿಡಿಯೋ, ಅತ್ತೆಯ ಮಾತು, ಡಾಕ್ಟರಮ್ಮ ಹೇಳಿದ ‘ಇರಬಹುದು’. ಬಿಸಿಲು ಕಾಣದೆ ಮಗನನ್ನು ನಾನೇ ಹೀಗೆ ಮಾಡಿದೆ ಎಂದಳು. ಅಂಜಿನಮ್ಮ ಕೈಯ ಕೆಲಸ ಬಿಟ್ಟು ಅವಳನ್ನೇ ನೋಡುತ್ತಿದ್ದಳು.

‘ಬಿಸಿಲು ಕಾಣ್ಲಿಲ್ಲ ಅಂತಾನಾ?’ ಎಂದಳು. ‘ಅಯ್ಯೋ ನಿನ್ನ. ನಾನು ಬಸುರೀಲಿ ದಿನಾ ಕಡಲೆಕಾಯಿ ಹೊಲ್ದಾಗಿದ್ದೆ ಕಣಮ್ಮ. ಒಂಬತ್ತು ತಿಂಗಳು ತುಂಬಿದ್ರೂ ಕಳೆ ತೆಗೀತಿದ್ದೆ. ನೋವು ಬಂದಿದ್ದೂ ಬದುವಿನ ಮ್ಯಾಲೇ. ಬಿಸಿಲು ಹೊಟ್ಟೆಗೆ ಬಡಿದು, ಕಾವು ಹತ್ತಿ ಮಗು ಇಂಗಾಯ್ತು ಅಂತ ನಮ್ಮತ್ತೆ ಇವತ್ತಿಗೂ ಅಂತಾಳೆ.’

ಅವಳು ಹಾಗೆಂದೇ ನಂಬಿದ್ದಳಂತೆ. ಮಗಳ ಮೈಯಿಂದ ಆ ಕಾವು ತೆಗೆಯಬೇಕೆಂದು ವರ್ಷಗಟ್ಟಲೆ ನೆತ್ತಿಗೆ ಹರಳೆಣ್ಣೆ ಒತ್ತಿದಳಂತೆ, ಮಜ್ಜಿಗೆ ಕುಡಿಸಿದಳಂತೆ, ಹಗಲು ಹೊತ್ತು ಹೊರಗೇ ಬಿಡಲಿಲ್ಲವಂತೆ. ಕೊನೆಗೊಂದು ದಿನ ಪರೀಕ್ಷೆ ಮಾಡಿಸಿದರೆ ಗಂಗನಿಗೂ ಡಿ ಕಡಿಮೆ. ಈ ಊರಿನಲ್ಲಿ ಬಿಸಿಲು ಕಡಿಮೆಯಂತೆ ಎಂದು ಪಾವಗಡದ ಆಸ್ಪತ್ರೆಯಲ್ಲಿ ಕೂತವರೆಲ್ಲ ನಕ್ಕರಂತೆ.

ಭಾಗ್ಯನೊಳಗೆ ಏನೋ ತಿರುಗುತ್ತಿರುವುದು ನನಗೆ ಮುಖದಲ್ಲೇ ಕಂಡಿತು. ನಿಧಾನವಾಗಿ ಅಂದಳು: ‘ಅಂಗಾದ್ರೆ ನಂದು ನೆರಳಿನ ತಪ್ಪು. ನಿಂದು ಬಿಸಿಲಿನ ತಪ್ಪು.’

‘ಮಧ್ಯದಾಗೆ ಒಂದು ಕಾಲು ಬಿಸಿಲಲ್ಲಿ, ಒಂದು ಕಾಲು ನೆರಳಲ್ಲಿ ಇಟ್ಕೊಂಡು ಹೆರ್ಬೇಕಾಗಿತ್ತೇನೋ ನಾವು,’ ಎಂದಳು ಅಂಜಿನಮ್ಮ.

ಭಾಗ್ಯ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅಂಜಿನಮ್ಮನೂ ನಕ್ಕಳು. ಹುಣಸೆಹಣ್ಣಿನ ಕೈಯಲ್ಲೇ ಇಬ್ಬರೂ ಕಣ್ಣೊರೆಸಿಕೊಂಡರು. ಹುಳಿ ಕಣ್ಣಿಗೆ ಹತ್ತಿ ಉರಿದು, ಬಾವಿ ಕಟ್ಟೆಗೆ ಓಡಿ ಮುಖ ತೊಳೆದುಕೊಂಡರು. ಅಲ್ಲೂ ನಗುತ್ತಿದ್ದರು. ಗೌರಕ್ಕ ಮಾತ್ರ ನಗದೆ, ಡಾಕ್ಟರು ಹೇಳಿದ್ದು ಸುಳ್ಳೇ ಹಾಗಾದರೆ ಎಂದು ನನ್ನನ್ನು ಕೇಳಿದಳು. ಸುಳ್ಳಲ್ಲ ಅಕ್ಕ, ಅವರಿಗೂ ಇನ್ನೂ ಗೊತ್ತಾಗಿಲ್ಲ ಅಷ್ಟೇ, ಎಂದೆ. ಒಂದು ಊರಿನ ಒಂದು ಹುಡುಗಿಯನ್ನು ನೋಡಿ ಓದಿದವರ ಲೆಕ್ಕ ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಆದರೆ ಗೊತ್ತಾಗದ ಒಂದು ಮಾತನ್ನು ತೀರ್ಪು ಮಾಡಿ ತಾಯಿಯ ತಲೆಯ ಮೇಲೆ ಹೊರಿಸಲು ಯಾರಿಗೂ ಅಧಿಕಾರವಿಲ್ಲ. ಇದನ್ನು ಅಲ್ಲಿ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

ಮನೋಜ, ಗಂಗ ಸೇರಿ ಆಡಲಿಲ್ಲ. ಡಬ್ಬಿಯ ಆಚೆ ಅವನು, ಈಚೆ ಅವಳು. ಒಬ್ಬರನ್ನೊಬ್ಬರು ನೋಡಲೂ ಇಲ್ಲ. ಆದರೆ ಒಂದು ಸಲ ಅವನ ಕೈ ಡಬ್ಬಿಗೆ ಎಟುಕದೆ ಹೋದಾಗ ಅವಳು ಬೇರೆಲ್ಲೋ ನೋಡುತ್ತಲೇ ಕಾಲಿನಿಂದ ಡಬ್ಬಿಯನ್ನು ಅವನ ಕಡೆ ತಳ್ಳಿದಳು. ಗಂಗನಿಗೆ ಈಗ ಏಳೆಂಟು ಮಾತು ಬರುತ್ತವೆ, ಅರ್ಧ ತೆಲುಗು, ಅರ್ಧ ಕನ್ನಡ. ನೀರಿಗೆ ‘ನೀಳ್ಳು’ ಎನ್ನುತ್ತಾಳೆ, ಬೇಡವೆನ್ನಲು ‘ಪೋ’ ಎನ್ನುತ್ತಾಳೆ. ನೀಳ್ಳು ಎನ್ನುವುದನ್ನು ಕಲಿಸಲು ಅಂಜಿನಮ್ಮನಿಗೆ ಎರಡು ಬೇಸಿಗೆ ಹಿಡಿಯಿತಂತೆ. ಪ್ರತಿ ಸಲ ಲೋಟ ಕೈಗೆ ಕೊಡುವ ಮೊದಲು ಅವಳ ಮುಖದ ಮುಂದೆ ಹಿಡಿದು ಆ ಮಾತು ಹೇಳಿ, ಕಾಯುತ್ತಿದ್ದಳಂತೆ. ಆ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಸಂಜೆ ಬಿಸಿಲು ತಣ್ಣಗಾದ ಮೇಲೆ ಅಂಜಿನಮ್ಮ ಗಂಗನನ್ನು ದಿನವೂ ಪಾರ್ಕಿನ ತಂತಿ ಬೇಲಿಯುದ್ದಕ್ಕೂ ನಡೆಸುತ್ತಾಳೆ. ಅಂದು ನಾವೂ ಹೋದೆವು. ಯಾರೂ ಯಾರನ್ನೂ ಎಳೆಯಲಿಲ್ಲ. ಮನೋಜ ಟೋಪಿಯಿಲ್ಲದೆ, ಎಣ್ಣೆಯಿಲ್ಲದೆ, ಅರ್ಧ ತಲೆಯಲ್ಲಿ ಮುಂದೆ ಮುಂದೆ ಓಡುತ್ತಿದ್ದ. ಹಲಗೆಗಳ ಮೇಲೆ ಇಳಿಬಿಸಿಲು ಬಿದ್ದು ಊರೇ ತಾಮ್ರದ ತಟ್ಟೆಯ ಹಾಗೆ ಕಾಣುತ್ತಿತ್ತು. ಅಷ್ಟು ಚೆಂದದ ಸಂಜೆಯನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಬುಧವಾರ ಹೊರಟೆವು. ಅಂಜಿನಮ್ಮ ಬಸ್ಸಿನವರೆಗೂ ಬಂದು ಭಾಗ್ಯನ ಫೋನ್ ನಂಬರು ಬರೆಸಿಕೊಂಡಳು. ಬಸ್ಸಿನಲ್ಲಿ ಎದುರು ಸೀ‌ಟಿನ ಹೆಂಗಸು ಮನೋಜನ ತಲೆಯನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿ, ಏನಮ್ಮ ಇದು, ಹರಕೆಯಾ ಎಂದು ಕೇಳಿದಳು.

‘ಹೂ ಕಣಕ್ಕ,’ ಎಂದಳು ಭಾಗ್ಯ. ‘ಅರ್ಧ ದೇವ್ರಿಗೆ, ಅರ್ಧ ಅವ್ನಿಗೆ.’

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕೊರಟಗೆರೆ ಬಸ್ಸಿಗೆ ಕಾಯುತ್ತಿದ್ದಾಗ ಅವಳ ಅತ್ತೆಯ ಫೋನು ಬಂತು. ಅವಳ ಮೊಬೈಲು ಸ್ಪೀಕರಿನಲ್ಲಿ ಮಾತ್ರ ಕೇಳಿಸುತ್ತದೆ, ಹಾಗಾಗಿ ಎರಡು ಕಡೆಯ ಮಾತೂ ನನ್ನ ಕಿವಿಗೆ ಬಿತ್ತು. ಚೆನ್ನಾಗಿ ಬಿಸಿಲು ಕಾಯಿಸಿದಿರಾ, ಮಾತೇನಾದರೂ ಆಡಿದನಾ ಎಂದು ಅವರು ಕೇಳಿದರು.

‘ಬಿಸಿಲು ಬೇಕಾದಷ್ಟಿತ್ತು ಅತ್ತೆ,’ ಎಂದಳು ಭಾಗ್ಯ. ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ‘ಮಾತಾಡ್ಲಿಲ್ಲ. ಆ ಊರಲ್ಲೂ ನಮ್ ಮನೋಜನಂಥ ಹುಡುಗಿ ಅವ್ಳೆ. ಅವ್ರಮ್ಮ ಒಂಬತ್ತು ತಿಂಗಳೂ ಬಿಸಿಲಲ್ಲೇ ಹೊತ್ತಿದ್ಳಂತೆ. ಡಾಕ್ಟ್ರಿಗೇ ಯಾಕೆ ಅಂತ ಇನ್ನೂ ಗೊತ್ತಿಲ್ವಂತೆ. ಅದ್ಕೇ ಇನ್ಮೇಲೆ ಟ್ಯೂಬ್‌ಲೈಟಿನ ಮಾತು ಬ್ಯಾಡ. ನನ್ನ ಮುಂದೂ ಬ್ಯಾಡ, ಅವ್ನ ಮುಂದೂ ಬ್ಯಾಡ. ವಾರಕ್ಕೆರಡು ದಿನ ಅವ್ನನ್ನ ಮಧುಗಿರೀಗೆ ಮಾತು ಕಲ್ಸೋರ ತಾವ ಕರ್ಕೊಂಡು ಬರ್ಬೇಕು. ಒಂದಿನ ನಾನು ರಜಾ ಕೇಳ್ತೀನಿ. ಇನ್ನೊಂದಿನ ನೀವು ಬನ್ನಿ.’

ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಫೋನು ಕಟ್ಟಾಯಿತೆಂದುಕೊಂಡೆ ನಾನು. ಭಾಗ್ಯ ಪರದೆ ನೋಡಿದಳು. ಕಟ್ಟಾಗಿರಲಿಲ್ಲ. ಕಂಡಕ್ಟರುಗಳು ಶಿರಾ ಶಿರಾ, ತುಮಕೂರು ತುಮಕೂರು ಎಂದು ಕೂಗುತ್ತಿದ್ದರು. ಮನೋಜ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದನ್ನು ತಾಯಿಯ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ.

‘ಯಾವ್ಯಾವ ದಿನ?’ ಎಂದರು ಅವಳ ಅತ್ತೆ.